ಕಂಪ್ಯೂಟರ್ ಮಂಡಿ: ಹಣ ಕಟ್ಟುವ ಮೊದಲು ತಿಳಿಯಬೇಕಾದದ್ದು

ಕೃತಕ ಕಾಲಿನ ಶಿಬಿರಗಳಲ್ಲಿ ಸೇವೆ ಮಾಡುವವರಿಗೆ ಈಗೀಗ ಒಂದೇ ಪ್ರಶ್ನೆ ಬರುತ್ತದೆ: "ಕಂಪ್ಯೂಟರ್ ಇರುವ ಕಾಲು ಬಂದಿದೆಯಂತಲ್ಲ, ಅದನ್ನೇ ಹಾಕಿಸೋಣವಾ?" ಬೆಲೆ ಹಲವು ಲಕ್ಷ ರೂಪಾಯಿ. ಮಗನಿಗಾಗಿ ಜಾಗ ಮಾರಲು ಹೊರಟವರೂ ಇದ್ದಾರೆ. ಆದ್ದರಿಂದ ಈ ಲೇಖನ.

ಮಂಡಿಯ ಕೆಳಗೆ ಕಾಲು ಕಳೆದುಕೊಂಡವರಿಗೆ ಸ್ವಂತ ಮಂಡಿ ಇರುತ್ತದೆ, ಅವರಿಗೆ ಇದು ಬೇಕಿಲ್ಲ. ಮಂಡಿಯ ಮೇಲೆ ಕತ್ತರಿಸಿದವರ ಕಷ್ಟ ಬೇರೆ. ಕೃತಕ ಮಂಡಿ ಹೆಜ್ಜೆ ಎತ್ತುವಾಗ ಮಡಚಬೇಕು, ಊರಿದಾಗ ಮಡಚಬಾರದು. ಊರಿದಾಗ ಮಡಚಿತೋ, ಮನುಷ್ಯ ಬಿದ್ದ. ಈ ಹೆದರಿಕೆಗೇ ಎಷ್ಟೋ ಜನ ಮಂಡಿಗೆ ಲಾಕ್ ಹಾಕಿಕೊಂಡು ಕಾಲನ್ನು ಕೋಲಿನ ಹಾಗೆ ಎಳೆಯುತ್ತಾರೆ.

ಜರ್ಮನಿಯ ಒಟ್ಟೊಬಾಕ್ ಕಂಪನಿ 1997ರಲ್ಲಿ ಹೊರತಂದ 'ಸಿ-ಲೆಗ್' ಈ ಹೆದರಿಕೆಗೆ ಉತ್ತರ ಕೊಟ್ಟಿತು. ಅಂಗಡಿಯ ಗಾಜಿನ ಬಾಗಿಲಿಗೆ ಡೋರ್ ಕ್ಲೋಸರ್ ಇರುತ್ತದಲ್ಲ, ಒಳಗಿನ ಎಣ್ಣೆ ಸಣ್ಣ ದಾರಿಯಲ್ಲಿ ಹರಿಯುವುದರಿಂದ ಬಾಗಿಲು ದಢಾರನೆ ಬಡಿಯುವುದಿಲ್ಲ. ಈ ಮಂಡಿಯೊಳಗೂ ಅಂಥದೇ ಎಣ್ಣೆಯ ಸಿಲಿಂಡರ್ ಇದೆ. ವ್ಯತ್ಯಾಸವೇನೆಂದರೆ ಎಣ್ಣೆಯ ದಾರಿಯನ್ನು ಹಿಗ್ಗಿಸುವುದು, ಕುಗ್ಗಿಸುವುದು ಕಂಪ್ಯೂಟರ್. ಮಂಡಿ ಎಷ್ಟು ಮಡಚಿದೆ, ಕಾಲಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಮೊದಲ ಮಾದರಿಯೇ ಸೆಕೆಂಡಿಗೆ 50 ಸಲ ಅಳೆಯುತ್ತಿತ್ತು. ಎಡವಿದರೆ ಎಣ್ಣೆ ತಡೆಯುತ್ತದೆ, ಮಂಡಿ ಗಟ್ಟಿಯಾಗುತ್ತದೆ, ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಐಸ್‌ಲ್ಯಾಂಡಿನ ಆಸುರ್ ಕಂಪನಿಯ 'ರಿಯೋ' ಮಂಡಿಯಲ್ಲಿ ಕಬ್ಬಿಣದ ಕಣಗಳಿರುವ ದ್ರವವನ್ನು ಅಯಸ್ಕಾಂತದಿಂದ ಗಟ್ಟಿ ಮಾಡುತ್ತಾರೆ. ಕೆಲಸ ಅದೇ.

ಒಂದು ತಪ್ಪು ತಿಳುವಳಿಕೆ ಬಹಳ ಜನರಲ್ಲಿದೆ. ಈ ಮಂಡಿ ಮನುಷ್ಯನನ್ನು ಮೇಲಕ್ಕೆ ತಳ್ಳುವುದಿಲ್ಲ. ಮೋಟಾರಿನ ಮಂಡಿಗಳೇ ಬೇರೆ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಒಳ್ಳೆಯ ಕಾಲೇ ದುಡಿಯಬೇಕು. ಇಳಿಯುವಾಗ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ, ಭಾರ ಹಾಕಿದಂತೆ ನಿಧಾನವಾಗಿ ಮಡಚಿಕೊಡುತ್ತದೆ.

ನಮ್ಮ ಮನೆಗಳಿಗೆ ಬೇಕಾದ ಎರಡು ಮೂರು ಮಾತು. ಕಾಲನ್ನು ಕೂಡಿಸುವಾಗ ಬೂಟಿನ ಹಿಮ್ಮಡಿಯ ಎತ್ತರ ನೋಡಿ ಹೊಂದಿಸಿರುತ್ತಾರೆ. ಬಸದಿಗೆ ಹೋಗಿ ಬೂಟು ಬಿಚ್ಚಿದರೆ ಮೈ ಹಿಂದಕ್ಕೆ ವಾಲುತ್ತದೆ. ಬರಿಗಾಲಲ್ಲಿ ಓಡಾಡುತ್ತೇವೆ ಎಂದು ತಂತ್ರಜ್ಞರಿಗೆ ಮೊದಲೇ ಹೇಳಿ. ಚಕ್ಕಳಮಕ್ಕಳ ಹಾಕಿ ಕೂರಲು ಮಂಡಿಯ ಮೇಲೆ ತಿರುಗುವ ಒಂದು ಬಿಡಿಭಾಗ ಸಿಗುತ್ತದೆ, ಕೇಳಿ ಹಾಕಿಸಬೇಕು. ಚರ್ಮದ ಪಟ್ಟಿ ಬೇಡವೆಂದರೆ ಬಟ್ಟೆಯದೂ ಸಿಲಿಕೋನ್‌ನದೂ ಇವೆ. ಬ್ಯಾಟರಿಯನ್ನು ಮೊಬೈಲಿನ ಹಾಗೆ ರಾತ್ರಿ ಚಾರ್ಜ್ ಮಾಡಬೇಕು. ಕರೆಂಟ್ ಸರಿಯಿಲ್ಲದ ಊರಿನವರು ಯೋಚಿಸಬೇಕಾದ ಸಂಗತಿ.

ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ತಿಂಗಳು ಉಳಿದ ತೊಡೆ ಸೊರಗುತ್ತಾ ಹೋಗುತ್ತದೆ. ಆಗ ಮಾಡಿಸಿದ ಸಾಕೆಟ್, ಅಂದರೆ ತೊಡೆ ಕೂರುವ ಬಟ್ಟಲು, ಬೇಗ ಸಡಿಲವಾಗುತ್ತದೆ. ಸಾಕೆಟ್ ಕಚ್ಚಿದರೆ ಎಷ್ಟು ಲಕ್ಷದ ಮಂಡಿಯಾದರೂ ಮೂಲೆ ಸೇರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಸಣ್ಣ ಗಾಯವೂ ಅಪಾಯ. ನನ್ನನ್ನು ಕೇಳಿದರೆ, ಮೊದಲು ಸಾದಾ ಮಂಡಿಯಲ್ಲಿ ನಡೆದು ಅಭ್ಯಾಸ ಮಾಡಲಿ, ದುಬಾರಿಯದು ಆಮೇಲೆ.

ಸಾದಾ ಎಂದರೆ ಕಳಪೆ ಎಂದಲ್ಲ. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಜೈಪುರದಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಕಾಲುಗಳನ್ನು ಉಚಿತವಾಗಿಯೇ ಕೊಡುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ಸಮಿತಿಯ ಜೊತೆ ಸೇರಿ ಮಾಡಿದ ಜೈಪುರ ಮಂಡಿಯನ್ನು ಟೈಮ್ ಪತ್ರಿಕೆ 2009ರ ಉತ್ತಮ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು. ಮದ್ರಾಸ್ ಐಐಟಿ 2022ರಲ್ಲಿ ಹೊರತಂದ 'ಕದಂ' ಮಂಡಿಯ ಹಿಂದೆ ನಮ್ಮ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯೂ ಇದೆ. ಇವೆರಡರಲ್ಲೂ ಕಂಪ್ಯೂಟರ್ ಇಲ್ಲ. ಹಲವು ಕೀಲುಗಳ ಜೋಡಣೆಯಿಂದಲೇ ಊರಿದಾಗ ಮಂಡಿ ನಿಲ್ಲುತ್ತದೆ.

ಹಾಗಾದರೆ ಕಂಪ್ಯೂಟರ್ ಮಂಡಿ ಯಾರಿಗೆ? ದಿನವಿಡೀ ಹೊರಗೆ ಓಡಾಡುವ, ಇಳಿಜಾರು, ಬಸ್ಸು, ಜನಸಂದಣಿ ತಪ್ಪದ ಪ್ರಾಯದವರಿಗೆ ಖಂಡಿತ ಪ್ರಯೋಜನವಿದೆ. ಪದೇ ಪದೇ ಬೀಳುವ ಹಿರಿಯರಿಗೂ ಆಗಬಹುದು, ಕಲಿಯುವ ಶಕ್ತಿ ಇರಬೇಕಷ್ಟೆ. ಕೊಳ್ಳುವ ಮೊದಲು ಕೆಲವು ದಿನ ಹಾಕಿಕೊಂಡು ನೋಡಲು ಕೊಡುತ್ತಾರೆಯೇ, ವಾರಂಟಿ ಎಷ್ಟು ವರ್ಷ, ಕೆಟ್ಟರೆ ರಿಪೇರಿ ಎಲ್ಲಿ, ರಿಪೇರಿಗೆ ಹೋದಾಗ ಬದಲಿ ಮಂಡಿ ಸಿಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.