ಉಗಿಸ್ನಾನದ ಕೋಣೆ: ಗೃಹಸ್ಥರು ಅರಿಯಬೇಕಾದುದು

ಕಳೆದ ಮಾಗಿಯಲ್ಲಿ ಮದ್ದೂರು ಸೀಮೆಯಲ್ಲಿರುವ ನಮ್ಮ ಅಣ್ಣನ ಮಗನ ಮನೆಗೆ ಹೋಗಿದ್ದೆ. ಹೊಸ ಮನೆ ಹೊಕ್ಕು ತಿಂಗಳಾಗಿತ್ತು. ಪ್ರಸಾದ ಮುಗಿದೊಡನೆ ಆತ ನನ್ನನ್ನು ಮೇಲಂತಸ್ತಿಗೆ ಕರೆದೊಯ್ದು, ಮಂಡಿನೋವಿನಿಂದ ನರಳುತ್ತಿರುವ ತನ್ನ ತಾಯಿಗಾಗಿ ಕಟ್ಟಿಸಿದ ಉಗಿಸ್ನಾನದ ಕೋಣೆಯನ್ನು ತೋರಿಸಿದನು. “ಚಿಕ್ಕಪ್ಪ, ಒಂದು ಗಳಿಗೆ ಒಳಗೆ ಕುಳಿತು ನೋಡಿ” ಎಂದನು. ಗೋಡೆಗೆಲ್ಲ ಪ್ಲೈವುಡ್ ಹಲಗೆ, ಅದರ ಮೇಲೆ ಥಳಥಳಿಸುವ ವಾರ್ನಿಷ್. ಕುಳಿತೆ. ಉಗಿ ತುಂಬಿ ಕೆಲವೇ ನಿಮಿಷಗಳಲ್ಲಿ ಕಣ್ಣು ಉರಿಯತೊಡಗಿತು, ಗಂಟಲು ಕೆರೆಯಿತು. ಹೊರಗೆ ಬಂದು ವಿಚಾರಿಸಿದಾಗ ತಿಳಿದದ್ದೇನೆಂದರೆ, ಅತ್ತಿಗೆಯವರು ಎರಡನೆಯ ದಿನವೇ ತಲೆನೋವೆಂದು ಅದನ್ನು ಬಿಟ್ಟಿದ್ದರು. ಹೊಸದಕ್ಕೆ ಹೆದರುತ್ತಾರೆ ಎಂದು ಮನೆಯವರು ನಕ್ಕಿದ್ದರು. ಅವರು ಹೆದರಿದ್ದಲ್ಲ, ಅವರ ಮೂಗು ಸರಿಯಾಗಿಯೇ ಹೇಳಿತ್ತು.

ಶರೀರದಿಂದ ಬೆವರನ್ನು ಹೊರತರುವ ಶಾಖವೇ ಗೋಡೆಯೊಳಗಿನ ರಾಸಾಯನಿಕಗಳನ್ನೂ ಹೊರಗೆಳೆಯುತ್ತದೆ. ಸಾಮಾನ್ಯ ಪ್ಲೈವುಡ್ಡಿನ ಪದರಗಳನ್ನು ಅಂಟಿಸಲು ಯೂರಿಯಾ ಮತ್ತು ಫಾರ್ಮಾಲ್ಡಿಹೈಡುಗಳ ಅಂಟನ್ನು ಬಳಸುತ್ತಾರೆ. ಬಿಸಿ ಮತ್ತು ತೇವ ಕೂಡಿದಲ್ಲಿ ಆ ಅಂಟು ಸಡಿಲಗೊಂಡು ಫಾರ್ಮಾಲ್ಡಿಹೈಡ್ ಅನಿಲವನ್ನು ಹೆಚ್ಚಾಗಿ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ವರಾಂಡದ ಕಪಾಟಿನಲ್ಲಿ ಅಷ್ಟಾಗಿ ಬಾಧಿಸದ ಹಲಗೆಯು, ಕಿಟಕಿಯಿಲ್ಲದ ಉಗಿಕೋಣೆಯಲ್ಲಿ ಬಾಧಿಸುವುದು ಈ ಕಾರಣದಿಂದ.

ಬೆವರಿಸುವ ಚಿಕಿತ್ಸೆ ನಮಗೆ ಹೊಸತೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೧೪ನೆಯ ಅಧ್ಯಾಯವು ಸ್ವೇದಕ್ಕೇ ಮೀಸಲಾಗಿದ್ದು, ಅಗ್ನಿಯ ನೆರವಿನಿಂದ ಮಾಡುವ ೧೩ ಬಗೆಯ ಸ್ವೇದಗಳನ್ನು ಹೇಳುತ್ತದೆ. ಅವುಗಳಲ್ಲಿ ಜೇಂತಾಕವೆಂಬುದು ಇಂದಿನ ಸಾನಾ ಕೋಣೆಗೆ ತೀರ ಸಮೀಪವಾದುದು. ಒಳ್ಳೆಯ ಕಪ್ಪು ಅಥವಾ ಹೊಂಬಣ್ಣದ ಮಣ್ಣಿರುವ ನೆಲವನ್ನು ಆರಿಸಿ, ಸುಮಾರು ೧೬ ಮೊಳದ ದುಂಡನೆಯ ಮಣ್ಣಿನ ಮನೆಯನ್ನು ಹಲವು ಗವಾಕ್ಷಿಗಳೊಡನೆ ಕಟ್ಟಬೇಕು; ಗೋಡೆಯ ಸುತ್ತ ಜಗಲಿ, ನಡುವೆ ಆಳೆತ್ತರದ ಮಣ್ಣಿನ ಒಲೆ. ಕಗ್ಗಲಿ ಮೊದಲಾದ ಸೌದೆಯನ್ನು ಅದರಲ್ಲಿ ಉರಿಸಿ, ಹೊಗೆಯೆಲ್ಲ ಹೋದದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ರೋಗಿಯನ್ನು ಒಳಗೆ ಬಿಡಬೇಕು. ದೂರದ ಫಿನ್ಲೆಂಡಿನವರ ಹಳೆಯ ಹೊಗೆಸಾನಾದಲ್ಲಿಯೂ ಇದೇ ಕ್ರಮ: ಕಲ್ಲುಗಳು ಕಾದು, ಬೆಂಕಿ ಆರಿ, ಹೊಗೆ ಹೊರಟ ಬಳಿಕವೇ ಪ್ರವೇಶ. ಗರ್ಭಿಣಿಯರಿಗೆ, ರಕ್ತಸ್ರಾವ ಅತಿಸಾರಗಳುಳ್ಳವರಿಗೆ ಸ್ವೇದ ಸಲ್ಲದೆಂದೂ ಚರಕ ಹೇಳುತ್ತಾನೆ. ಹೃದ್ರೋಗ, ರಕ್ತದೊತ್ತಡಗಳುಳ್ಳವರು ವೈದ್ಯರನ್ನು ಕೇಳದೆ ಒಳಹೋಗಬಾರದೆಂದು ನಾವು ಸೇರಿಸಿಕೊಳ್ಳಬೇಕು.

ನಮ್ಮ ಸೀಮೆಯ ಬಚ್ಚಲುಮನೆಗೂ ಈ ವಿವೇಕ ಸ್ವಲ್ಪಮಟ್ಟಿಗೆ ಇತ್ತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿಯೇ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತಾದರೂ, ಸುತ್ತಲಿನ ಹಳ್ಳಿಗಳ ಬಚ್ಚಲು ಮುಂದೆ ಎಷ್ಟೋ ಕಾಲ ಹಂಡೆ ಮತ್ತು ಸೌದೆಯನ್ನೇ ನಂಬಿತ್ತು. ಕಲ್ಲುಚಪ್ಪಡಿಯ ನೆಲ, ಸುಣ್ಣ ಬಳಿದ ಗೋಡೆ, ಹೆಂಚಿನ ಸಂದಿನಿಂದ ಹೊರಹೋಗುವ ಆವಿ. ಆದರೆ ಹಳೆಯದೆಲ್ಲವೂ ಹಿತವೆಂದು ನಾನು ವಾದಿಸಲಾರೆ. ಲಿಂಗಪೂಜೆಗೆ ಮುನ್ನ ಮನೆಯವರೆಲ್ಲರಿಗೂ ನೀರು ಕಾಯಿಸಬೇಕಾದ ತಾಯಂದಿರು ಹಸಿ ಗರಿಯನ್ನೂ ರೇಷ್ಮೆಸೊಪ್ಪಿನ ಕಡ್ಡಿಯನ್ನೂ ಊದಿ ಊದಿ ಕೆಮ್ಮಿದ್ದನ್ನು ನಾವೆಲ್ಲ ಕಂಡವರೇ. ಈಗಲಂತೂ ಒಲೆ ಹಚ್ಚಲು ಪ್ಲಾಸ್ಟಿಕ್ ಹಾಲಿನ ಕವರು, ಉರಿಸಲು ಬಡಗಿ ಬಿಟ್ಟುಹೋದ ಪ್ಲೈವುಡ್ ತುಂಡು! ಇವೆರಡನ್ನೂ ಒಲೆಗೆ ಹಾಕಲೇಬಾರದು.

ಇನ್ನೂ ಗಂಭೀರವಾದ ಸಂಗತಿಯೊಂದುಂಟು. ಬಾಣಂತಿಗೆ ಎಣ್ಣೆನೀರು ಹಾಕಿ, ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡವಿಟ್ಟು ಸಾಂಬ್ರಾಣಿ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಉರಿಯುವ ಕೆಂಡವು ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಆಕ್ರಮಿಸುತ್ತದೆ. ಸಾಂಬ್ರಾಣಿಯ ಪರಿಮಳದಲ್ಲಿ ತಾಯಿಗೆ ನಿದ್ದೆ ಬಂದಿತೆಂದು ಭಾವಿಸುವಾಗಲೇ ಅನಾಹುತ ಸಂಭವಿಸಬಹುದು. ಸ್ನಾನದ ಕೋಣೆಯೊಳಗಿಟ್ಟ ಗ್ಯಾಸ್ ಗೀಸರಿನಿಂದ ಸಾವು ಸಂಭವಿಸಿರುವುದೂ ಇದೇ ಅನಿಲದಿಂದ. ಗೀಸರು ಗಾಳಿಯಾಡುವ ಹೊರಗಡೆಯೇ ಇರಬೇಕು, ಕೆಂಡವನ್ನು ಕೋಣೆಯಿಂದ ಹೊರಗಿಡಬೇಕು. ಈ ವಿಷಯದಲ್ಲಿ ಹಿರಿಯರ ಮಾತಿಗೂ ರಿಯಾಯಿತಿ ಕೂಡದು.

ಹಾಗಾದರೆ ಯಾವುದನ್ನು ಆರಿಸಬೇಕು? ಉಗಿಕೋಣೆಗೆ ಕಲ್ಲು, ಸುಟ್ಟ ಇಟ್ಟಿಗೆ, ಹೆಂಚು, ಸುಣ್ಣದ ಗಾರೆ ಶ್ರೇಷ್ಠ. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವ ವಸ್ತು. ಬೂಷ್ಟನ್ನೂ ಸುಲಭವಾಗಿ ಬೆಳೆಯಗೊಡದು. ಕೂರಲು ಬಣ್ಣವಾಗಲಿ ಪಾಲಿಷ್ ಆಗಲಿ ಇಲ್ಲದ ತೇಗದ ಇಡಿಹಲಗೆ ಸಾಕು, ಅಂಟಿನ ಬದಲು ಮೊಳೆಯಿರಲಿ. ಅಂಟು ಜಿನುಗುವ ಮರ ಬೇಡ. ಹಳೆಯ ಮನೆಯ ತೊಲೆಗಳನ್ನು ಬಳಸುವವರು ಒಂದನ್ನು ಗಮನಿಸಬೇಕು: ಮನೆಬಳಕೆಯ ಬಣ್ಣಗಳಲ್ಲಿನ ಸೀಸಕ್ಕೆ ನಮ್ಮ ದೇಶದಲ್ಲಿ ೨೦೧೭ರ ನವೆಂಬರಿನಿಂದಷ್ಟೇ ಕಠಿಣ ಮಿತಿ ಜಾರಿಯಾಯಿತು. ಆದ್ದರಿಂದ ಹಳೆಯ ಬಣ್ಣವಿರುವ ಮರವನ್ನು ಕೆರೆಯುವುದೂ ಬೇಡ, ಒಳಗೆ ತರುವುದೂ ಬೇಡ.

ಅಂಗಡಿಯವರು ‘ಕುದಿಯುವ ನೀರಿಗೂ ಜಗ್ಗದ ಪ್ಲೈವುಡ್’ ಎಂದು ಹೇಳುವುದುಂಟು. ಅದು ಅಂಟಿನ ಗಟ್ಟಿತನದ ಮಾತು, ಅನಿಲದ ಮಾತಲ್ಲ. ಅದರಲ್ಲಿ ಬಳಸುವ ಫೀನಾಲ್ ಅಂಟು ಕಡಿಮೆ ಅನಿಲ ಬಿಡುವುದು ನಿಜ. ಆದರೂ ಕೇಳಬೇಕಾದ ಗುರುತು ಇ-೦ ಅಥವಾ ಇ-೧ ಎಂಬುದು. ಉಗಿಕೋಣೆಯ ಒಳಗೋಡೆಗೆ ಅದೂ ಬೇಡವೆಂದೇ ನನ್ನ ಅಭಿಪ್ರಾಯ. ಚಾವಣಿಗೆ ಪಿವಿಸಿ ಪಟ್ಟಿ, ಗೋಡೆಯ ಹಿಂದೆ ಥರ್ಮೋಕೋಲ್ ಇವುಗಳನ್ನೂ ಬಿಡುವುದು ಲೇಸು. ನೆಲದ ಬಳಿ ಒಂದು, ಮೇಲೊಂದು ಗಾಳಿಗಂಡಿ ಇರಲೇಬೇಕು.

ಅಣ್ಣನ ಮಗ ಮೊದಲು ಖರ್ಚಿನ ಮಾತೆತ್ತಿ ಗೊಣಗಿದರೂ ಯುಗಾದಿಯ ಹೊತ್ತಿಗೆ ಹಲಗೆಗಳನ್ನೆಲ್ಲ ಕಿತ್ತು ಗಾರೆ ಮಾಡಿಸಿದನು. ಗಾರೆ ಪೂರ್ತಿ ಆರಲೆಂದು ಕೆಲವು ವಾರ ಕೋಣೆಯನ್ನು ತೆರೆದೇ ಇಟ್ಟಿದ್ದರು. ಈಗ ಅತ್ತಿಗೆಯವರು ವಾರಕ್ಕೆರಡು ಬಾರಿ ಅಲ್ಲಿ ಕೂರುತ್ತಾರೆ, ಬಾಗಿಲನ್ನು ಮಾತ್ರ ಒಂದು ಗೇಣು ತೆರೆದಿಟ್ಟುಕೊಂಡು.