ಸ್ಕ್ಯಾನರ್ ಕೆಟ್ಟಿದೆ ಎನ್ನುವ ಮೊದಲು: ಚಾಲಕ ತಂತ್ರಾಂಶವನ್ನು ಅಳವಡಿಸುವ ಕ್ರಮ

ಬೋಧನಾಭ್ಯಾಸಕ್ಕೆ ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಗಳು ಘಟಕ ಪರೀಕ್ಷೆ ನಡೆಸುತ್ತಾರೆ, ಉತ್ತರ ಪತ್ರಿಕೆಗಳನ್ನು ತಿದ್ದುತ್ತಾರೆ, ಅಂಕಪಟ್ಟಿ ತಯಾರಿಸಿ ಪತ್ರಿಕೆಗಳನ್ನು ಮಕ್ಕಳಿಗೆ ಹಿಂದಿರುಗಿಸುತ್ತಾರೆ. ಕಾಲೇಜಿಗೆ ಮರಳಿ ನೈದಾನಿಕ ಪರೀಕ್ಷೆಯ ವರದಿ ಬರೆಯಲು ಕುಳಿತಾಗ ಕೈಯಲ್ಲಿ ಉಳಿದಿರುವುದು ಅಂಕಗಳು ಮಾತ್ರ. 0.7ಕ್ಕಿಂತ 0.35 ದೊಡ್ಡದು ಎಂದು ಬರೆದ ಮಗುವಿಗೆ ಸೊನ್ನೆ ಬಂದಿದೆ ಎಂಬುದು ಪಟ್ಟಿಯಲ್ಲಿರುತ್ತದೆ. ಆದರೆ 7ಕ್ಕಿಂತ 35 ದೊಡ್ಡದು ಎಂಬ ಪೂರ್ಣಸಂಖ್ಯೆಯ ತಿಳಿವಳಿಕೆಯನ್ನೇ ಆ ಮಗು ದಶಮಾಂಶಕ್ಕೂ ಅನ್ವಯಿಸಿತ್ತು ಎಂಬುದು ಅಂಚಿನಲ್ಲಿದ್ದ ಕಚ್ಚಾ ಲೆಕ್ಕದಲ್ಲಿ ಮಾತ್ರ ಕಾಣುತ್ತಿತ್ತು. ಆ ಪುಟದ ಪ್ರತಿ ಇಲ್ಲದಿದ್ದರೆ ಪರಿಹಾರ ಬೋಧನೆಯ ಯೋಜನೆ ಊಹೆಯ ಮೇಲೆ ನಿಲ್ಲುತ್ತದೆ.

ಮೊಬೈಲಿನಲ್ಲಿ ಚಿತ್ರ ತೆಗೆದರೆ ಸಾಲದೇ ಎಂದು ಕೇಳಬಹುದು. ಓದಿಕೊಳ್ಳಲು ಸಾಕು. ಆದರೆ ಕೈಯ ನೆರಳು ಬೀಳುತ್ತದೆ, ಪುಟ ಓರೆಯಾಗುತ್ತದೆ, ಅಳತೆ ಉಳಿಯುವುದಿಲ್ಲ. ಮಗು ಕೈವಾರದಿಂದ ರಚಿಸಿದ 60 ಡಿಗ್ರಿ ಕೋನ ನಿಜಕ್ಕೂ ಎಷ್ಟಿತ್ತು ಎಂದು ಓರೆ ಚಿತ್ರದಲ್ಲಿ ಅಳೆಯಲಾಗದು. ಸಮತಲ ಗಾಜಿನ ಸ್ಕ್ಯಾನರ್ ಪುಟವನ್ನು ಅದರ ನಿಜ ಅಳತೆಯಲ್ಲಿಯೇ ದಾಖಲಿಸುತ್ತದೆ. ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 6 ಸೆಂ.ಮೀ. ರೇಖೆ ಸುಮಾರು 709 ಚುಕ್ಕೆಗಳಷ್ಟು ಉದ್ದವಾಗಿ ಬರುತ್ತದೆ.

ಇಂಥ ಸ್ಕ್ಯಾನರ್‌ಗಳು ಎಷ್ಟೋ ಶಾಲೆ ಕಾಲೇಜುಗಳ ಬೀರುಗಳಲ್ಲಿ ‘ಕೆಟ್ಟಿದೆ’ ಎಂಬ ಚೀಟಿ ಹೊತ್ತು ಕುಳಿತಿರುತ್ತವೆ. ಅವುಗಳಲ್ಲಿ ಹಲವು ಕೆಟ್ಟಿರುವುದಿಲ್ಲ. ಹಳೆಯ ಕಂಪ್ಯೂಟರ್ ಹೋಗಿ ಹೊಸದು ಬಂದಾಗ, ಹಳೆಯದರಲ್ಲಿದ್ದ ಚಾಲಕ ತಂತ್ರಾಂಶ ಹೊಸದಕ್ಕೆ ಬಂದಿರುವುದಿಲ್ಲ, ಅಷ್ಟೆ. ದೋಷ ಎಲ್ಲಿದೆ ಎಂದು ಕ್ರಮವಾಗಿ ಹುಡುಕುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚಾಲಕ ತಂತ್ರಾಂಶ ಏಕೆ ಬೇಕು?

ಕೀಲಿಮಣೆ, ಮೌಸ್, ಪೆನ್‌ಡ್ರೈವ್‌ಗಳನ್ನು ಚುಚ್ಚಿದ ಕೂಡಲೇ ಕೆಲಸ ಮಾಡುತ್ತವೆ. ಈ ಬಗೆಯ ಸಾಧನಗಳು ಹೇಗೆ ಮಾತನಾಡಬೇಕು ಎಂಬುದಕ್ಕೆ ಯುಎಸ್‌ಬಿ ಮಾನಕದಲ್ಲಿಯೇ ಸಾಮಾನ್ಯ ನಿಯಮಗಳಿವೆ. ಯಾವ ಕಂಪನಿ ತಯಾರಿಸಿದರೂ ಅವು ಅದೇ ಭಾಷೆ ಆಡುತ್ತವೆ. ಯುಎಸ್‌ಬಿ ಸ್ಕ್ಯಾನರ್‌ಗಳ ವಿಷಯ ಹಾಗಲ್ಲ. ದೀಪ ಹೊತ್ತಿಸು, ಸಂವೇದಕವನ್ನು ಇಷ್ಟು ದೂರ ಸರಿಸು, ಇಷ್ಟು ಸಾಲು ಓದು ಎಂಬ ಆಜ್ಞೆಗಳನ್ನು ಹೆಚ್ಚಿನ ತಯಾರಕರು ತಮ್ಮದೇ ರೀತಿಯಲ್ಲಿ ರೂಪಿಸಿದ್ದಾರೆ. ಒಂದೇ ಕಂಪನಿಯ ಎರಡು ಮಾದರಿಗಳ ಆಜ್ಞೆಗಳೂ ಬೇರೆಬೇರೆಯಾಗಿರಬಹುದು. ಕಂಪ್ಯೂಟರಿಗೂ ಆ ಮಾದರಿಗೂ ನಡುವೆ ನಿಲ್ಲುವ ದುಭಾಷಿಯೇ ಚಾಲಕ ತಂತ್ರಾಂಶ, ಎಂದರೆ ಡ್ರೈವರ್.

ದುಭಾಷಿ ಇದ್ದರೆ ಸಾಲದು. ನಾವು ತೆರೆಯುವ ಸ್ಕ್ಯಾನಿಂಗ್ ಪ್ರೋಗ್ರಾಂ ಆ ದುಭಾಷಿಯೊಡನೆ ಮಾತನಾಡಲು ಒಂದು ಒಪ್ಪಿತ ಪದ್ಧತಿ ಬೇಕು. 1992ರಲ್ಲಿ ಬಂದ ಟ್ವೈನ್ ಅಂಥ ಒಂದು ಮಾನಕ. ವಿಂಡೋಸ್‌ನಲ್ಲಿ ಅದರ ಜೊತೆಗೆ ಮೈಕ್ರೋಸಾಫ್ಟ್‌ನ ಡಬ್ಲ್ಯುಐಎ ಇದೆ. ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಸೇನ್ ಎಂಬುದು ಈ ಕೆಲಸ ಮಾಡುತ್ತದೆ.

ಹೀಗೆ ಗಾಜಿನ ಮೇಲಿನ ಪುಟ ಪರದೆಗೆ ಬರಲು ನಾಲ್ಕು ಕೊಂಡಿಗಳು ಸರಿಯಿರಬೇಕು: ಯಂತ್ರ, ಯುಎಸ್‌ಬಿ ಸಂಪರ್ಕ, ಚಾಲಕ ತಂತ್ರಾಂಶ, ಪ್ರೋಗ್ರಾಂ. ಇದೇ ಕ್ರಮದಲ್ಲಿ ಪರೀಕ್ಷಿಸಬೇಕು. ಮೊದಲ ಕೊಂಡಿ ತಪ್ಪಿದ್ದಾಗ ಮೂರನೆಯದನ್ನು ಎಷ್ಟು ಸಲ ತೆಗೆದು ಹಾಕಿದರೂ ಫಲವಿಲ್ಲ.

ಮೊದಲ ಕೊಂಡಿ: ಯಂತ್ರ

ಅನೇಕ ಸ್ಕ್ಯಾನರ್‌ಗಳ ತಳದಲ್ಲಿ ಒಂದು ಸಣ್ಣ ಬೀಗದ ಗುಂಡಿ ಇರುತ್ತದೆ. ಸಾಗಿಸುವಾಗ ಒಳಗಿನ ಸಂವೇದಕ ಅಲುಗಾಡದಂತೆ ಅದನ್ನು ಹಾಕಿರುತ್ತಾರೆ. ಬೀಗ ತೆಗೆಯದೆ ಚಲಾಯಿಸಿದರೆ ಕಟಕಟ ಸದ್ದು ಬಂದು ಯಂತ್ರ ನಿಲ್ಲುತ್ತದೆ. ಮೊದಲು ಇದನ್ನು ನೋಡಿ.

ಮುಂದಿನದು ವಿದ್ಯುತ್. ಪ್ರತ್ಯೇಕ ಅಡಾಪ್ಟರ್ ಇರುವ ಮಾದರಿಯಾದರೆ ಅದು ಅದೇ ಯಂತ್ರದ ಅಡಾಪ್ಟರ್ ಹೌದೇ ಎಂದು ವೋಲ್ಟೇಜ್ ಓದಿ ಖಚಿತಪಡಿಸಿಕೊಳ್ಳಿ. ಕ್ಯಾನನ್ ಲೈಡ್ ಸರಣಿಯಂಥ ತೆಳು ಸ್ಕ್ಯಾನರ್‌ಗಳು ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುತ್ತವೆ. ಯುಎಸ್‌ಬಿ 2.0 ಕಿಂಡಿ ಗರಿಷ್ಠ 500 ಮಿಲಿಆಂಪಿಯರ್ ಕೊಡುತ್ತದೆ. ಸ್ವಂತ ವಿದ್ಯುತ್ ಇಲ್ಲದ ಹಬ್‌ನ ಪ್ರತಿ ಕಿಂಡಿಗೆ ಸಿಗುವುದು 100 ಮಿಲಿಆಂಪಿಯರ್ ಮಾತ್ರ. ಆದ್ದರಿಂದ ಹಬ್ ಬಿಟ್ಟು ಕಂಪ್ಯೂಟರಿನ ಕಿಂಡಿಗೇ ನೇರವಾಗಿ ಸೇರಿಸಿ. ತಂತಿಯನ್ನೂ ಒಮ್ಮೆ ಬದಲಿಸಿ ನೋಡಿ.

ಎರಡನೆಯ ಕೊಂಡಿ: ಕಂಪ್ಯೂಟರಿಗೆ ಯಂತ್ರ ಕಾಣುತ್ತಿದೆಯೇ?

ಪ್ರತಿ ಯುಎಸ್‌ಬಿ ಸಾಧನವೂ ತನ್ನನ್ನು ಎರಡು ಸಂಖ್ಯೆಗಳಿಂದ ಗುರುತಿಸಿಕೊಳ್ಳುತ್ತದೆ. ಒಂದು ತಯಾರಕರ ಸಂಖ್ಯೆ, ಇನ್ನೊಂದು ಮಾದರಿಯ ಸಂಖ್ಯೆ. ಎರಡೂ ನಾಲ್ಕು ಸ್ಥಾನದ ಷೋಡಶಮಾನ ಸಂಖ್ಯೆಗಳು. ಕ್ಯಾನನ್‌ನದು 04ಎ9, ಎಪ್ಸನ್‌ನದು 04ಬಿ8, ಎಚ್‌ಪಿಯದು 03ಎಫ್0. ಚಾಲಕ ತಂತ್ರಾಂಶ ಇಲ್ಲದಿದ್ದರೂ ಈ ಸಂಖ್ಯೆಗಳು ಕಾಣುತ್ತವೆ. ಆದ್ದರಿಂದಲೇ ಈ ಪರೀಕ್ಷೆ ನಿರ್ಣಾಯಕ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಚಾಲಕ ತಂತ್ರಾಂಶ ಇದ್ದರೆ ಸ್ಕ್ಯಾನರ್ ‘ಇಮೇಜಿಂಗ್ ಡಿವೈಸಸ್’ ಅಡಿ ಇರುತ್ತದೆ. ಇಲ್ಲದಿದ್ದರೆ ‘ಅದರ್ ಡಿವೈಸಸ್’ ಅಡಿ ಹಳದಿ ಗುರುತಿನೊಡನೆ ಕಾಣುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಕೋಡ್ 28 ಎಂದಿದ್ದರೆ ಚಾಲಕ ತಂತ್ರಾಂಶ ಅಳವಡಿಸಿಲ್ಲ ಎಂದೇ ಅರ್ಥ. ‘ಡೀಟೇಲ್ಸ್’ ಪುಟದಲ್ಲಿ ಹಾರ್ಡ್‌ವೇರ್ ಐಡಿ ಆರಿಸಿದರೆ ಮೇಲೆ ಹೇಳಿದ ಎರಡೂ ಸಂಖ್ಯೆಗಳು ಸಿಗುತ್ತವೆ. ಉಬುಂಟುವಿನಲ್ಲಿ ಟರ್ಮಿನಲ್ ತೆರೆದು ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆ ಕೊಟ್ಟರೆ ಸಾಕು.

ತಂತಿ ತೆಗೆದಾಗ ಪಟ್ಟಿಯಿಂದ ಒಂದು ಸಾಲು ಮಾಯವಾಗಿ, ಹಾಕಿದಾಗ ಮತ್ತೆ ಬಂದರೆ ಅದೇ ಸ್ಕ್ಯಾನರ್. ಯಾವ ಬದಲಾವಣೆಯೂ ಆಗದಿದ್ದರೆ ದೋಷ ಇರುವುದು ತಂತಿ, ಕಿಂಡಿ ಅಥವಾ ಯಂತ್ರದಲ್ಲಿ. ಚಾಲಕ ತಂತ್ರಾಂಶ ಹುಡುಕುತ್ತಾ ಸಮಯ ಕಳೆಯಬೇಕಾಗಿಲ್ಲ.

ಮೂರನೆಯ ಕೊಂಡಿ: ಚಾಲಕ ತಂತ್ರಾಂಶ

ವಿಂಡೋಸ್‌ನಲ್ಲಿ ಅಳವಡಿಸುವಾಗ ನಾಲ್ಕು ಸಂಗತಿ ನೆನಪಿರಲಿ. ಒಂದು, ಸ್ಕ್ಯಾನರಿನ ತಳದಲ್ಲಿರುವ ಮಾದರಿಯ ಹೆಸರನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಒಂದಂಕಿಯ ವ್ಯತ್ಯಾಸವಿದ್ದರೂ ತಂತ್ರಾಂಶ ಬೇರೆ. ಎರಡು, ತಯಾರಕರ ಅಧಿಕೃತ ಜಾಲತಾಣದಿಂದಲೇ ಪಡೆಯಿರಿ. ‘ಎಲ್ಲ ಡ್ರೈವರ್‌ಗಳೂ ಇಲ್ಲಿ ಲಭ್ಯ’ ಎನ್ನುವ ತಾಣಗಳಿಂದ ಬೇಡದ ಪ್ರೋಗ್ರಾಂಗಳು ಒಳಗೆ ಬರುವ ಅಪಾಯವಿದೆ. ಮೂರು, ಹಳೆಯ ಸ್ಕ್ಯಾನರ್‌ಗಳ ಕೈಪಿಡಿಗಳಲ್ಲಿ ಮೊದಲು ತಂತ್ರಾಂಶ ಅಳವಡಿಸಿ, ಆಮೇಲೆ ತಂತಿ ಸೇರಿಸಿ ಎಂದಿರುವುದುಂಟು. ಆ ಕ್ರಮವನ್ನೇ ಪಾಲಿಸಿ. ನಾಲ್ಕು, ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ನೋಡಿ. 32 ಬಿಟ್ ವಿಂಡೋಸ್‌ಗೆಂದು ರಚಿಸಿದ ಹಳೆಯ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಹೊಸ ಕಂಪ್ಯೂಟರ್ ಬಂದ ದಿನವೇ ಹಳೆಯ ಸ್ಕ್ಯಾನರ್ ಮೂಲೆ ಸೇರುವುದಕ್ಕೆ ಇದೊಂದು ಮುಖ್ಯ ಕಾರಣ.

ತಯಾರಕರು 64 ಬಿಟ್ ಡ್ರೈವರ್ ಕೊಟ್ಟಿಲ್ಲದಿದ್ದರೆ ಯಂತ್ರ ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಸೇನ್ ಯೋಜನೆ ಬಹಳಷ್ಟು ಹಳೆಯ ಮಾದರಿಗಳಿಗೆ ತಾನೇ ಚಾಲಕ ತಂತ್ರಾಂಶ ಒದಗಿಸುತ್ತದೆ. ಅದರ ಜಾಲತಾಣದಲ್ಲಿ ಮಾದರಿಗಳ ಪಟ್ಟಿ ಇದ್ದು, ಪ್ರತಿಯೊಂದಕ್ಕೂ ಬೆಂಬಲ ಪೂರ್ಣವೋ, ಉತ್ತಮವೋ, ಪ್ರಾಥಮಿಕವೋ, ಇಲ್ಲವೇ ಇಲ್ಲವೋ ಎಂಬುದನ್ನು ಸೂಚಿಸಲಾಗಿದೆ. ಕಂಪ್ಯೂಟರಿನಲ್ಲಿರುವುದನ್ನು ಬದಲಿಸದೆ, ಪೆನ್‌ಡ್ರೈವ್‌ನಿಂದಲೇ ಉಬುಂಟು ಚಲಾಯಿಸಿ ಪರೀಕ್ಷಿಸಬಹುದು. ‘ಡಾಕ್ಯುಮೆಂಟ್ ಸ್ಕ್ಯಾನರ್’ ಪ್ರೋಗ್ರಾಂ ಅದರಲ್ಲಿ ಇಲ್ಲದಿದ್ದರೆ ಸೇರಿಸಿಕೊಳ್ಳಬೇಕು.

ಉಬುಂಟುವಿನಲ್ಲಿ ತೊಡಕು ಬಂದರೆ ಎರಡು ಆಜ್ಞೆಗಳನ್ನು ಹೋಲಿಸಿ. ಸೇನ್-ಫೈಂಡ್-ಸ್ಕ್ಯಾನರ್ ಎಂಬುದು ಕಿಂಡಿಯಲ್ಲಿ ಸ್ಕ್ಯಾನರ್‌ನಂಥ ಸಾಧನ ಇದೆಯೇ ಎಂದಷ್ಟೇ ಹೇಳುತ್ತದೆ. ಸ್ಕ್ಯಾನ್‌ಇಮೇಜ್ ಆಜ್ಞೆಗೆ ಅಡ್ಡಗೆರೆ ಮತ್ತು ದೊಡ್ಡಕ್ಷರದ ಎಲ್ ಸೇರಿಸಿ ಕೊಟ್ಟರೆ, ಚಾಲಕ ತಂತ್ರಾಂಶ ಅದನ್ನು ಗುರುತಿಸಿದೆಯೇ ಎಂದು ತಿಳಿಯುತ್ತದೆ. ಮೊದಲನೆಯದಕ್ಕೆ ಕಂಡು ಎರಡನೆಯದಕ್ಕೆ ಕಾಣದಿದ್ದರೆ ಸಾಮಾನ್ಯವಾಗಿ ಎರಡು ಕಾರಣ: ಆ ಮಾದರಿಗೆ ಚಾಲಕ ತಂತ್ರಾಂಶ ಇಲ್ಲ, ಅಥವಾ ಬಳಕೆದಾರರಿಗೆ ಅನುಮತಿ ಇಲ್ಲ. ಅದೇ ಆಜ್ಞೆಯನ್ನು ಆಡಳಿತಗಾರರ ಅಧಿಕಾರದಲ್ಲಿ, ಅಂದರೆ ಮುಂದೆ ಸುಡೋ ಸೇರಿಸಿ ಕೊಟ್ಟಾಗ ಸ್ಕ್ಯಾನರ್ ಕಂಡರೆ ಕೊರತೆ ಅನುಮತಿಯದೇ. ಆಗ ಗಣಕ ಕೊಠಡಿ ನೋಡಿಕೊಳ್ಳುವವರಿಂದ ನಿಮ್ಮ ಖಾತೆಗೆ ಆ ಅನುಮತಿ ಕೊಡಿಸಿಕೊಳ್ಳಬೇಕು. ದಿನವೂ ಆಡಳಿತಗಾರರ ಅಧಿಕಾರದಲ್ಲಿ ಸ್ಕ್ಯಾನ್ ಮಾಡುವ ಅಭ್ಯಾಸ ಬೇಡ.

ಇನ್ನೊಂದು ವಿಶೇಷ ಸಂದರ್ಭವಿದೆ. ಎಪ್ಸನ್ ಪರ್ಫೆಕ್ಷನ್ 1670ರಂಥ ಕೆಲವು ಯಂತ್ರಗಳಿಗೆ ಕಂಪ್ಯೂಟರಿನಿಂದ ಫರ್ಮ್‌ವೇರ್ ಕಡತವನ್ನು ಕಳುಹಿಸಬೇಕು. ಸೇನ್ ಅದನ್ನು ಹಂಚುವುದಿಲ್ಲ. ತಯಾರಕರ ವಿಂಡೋಸ್ ತಂತ್ರಾಂಶದಿಂದ ಅದನ್ನು ತೆಗೆದು ಸೂಚಿಸಿದ ಜಾಗದಲ್ಲಿ ಇಡಬೇಕಾಗುತ್ತದೆ.

ನಾಲ್ಕನೆಯ ಕೊಂಡಿ: ಪ್ರೋಗ್ರಾಂ ಮತ್ತು ಆಯ್ಕೆಗಳು

ಡ್ರೈವರ್ ಸರಿಯಿದ್ದರೂ ಪ್ರೋಗ್ರಾಂನಲ್ಲಿ ಬೇರೆ ಮೂಲ, ಉದಾಹರಣೆಗೆ ವೆಬ್ ಕ್ಯಾಮೆರಾ, ಆಯ್ಕೆಯಾಗಿರಬಹುದು. 32 ಬಿಟ್‌ನ ಟ್ವೈನ್ ಚಾಲಕ 64 ಬಿಟ್‌ನ ಪ್ರೋಗ್ರಾಂಗೆ ಕಾಣುವುದಿಲ್ಲ ಎಂಬುದೂ ನೆನಪಿರಲಿ. ಆಗ ಡಬ್ಲ್ಯುಐಎ ಬಳಸುವ ‘ವಿಂಡೋಸ್ ಫ್ಯಾಕ್ಸ್ ಅಂಡ್ ಸ್ಕ್ಯಾನ್’ನಲ್ಲಿ ಪ್ರಯತ್ನಿಸಿ.

ಮಕ್ಕಳ ಬರಹಕ್ಕೆ 300 ಚುಕ್ಕೆಗಳ ಸಾಂದ್ರತೆ ಧಾರಾಳವಾಯಿತು. ಎ4 ಪುಟ ಆಗ 2480 ಗುಣಿಸು 3508, ಸುಮಾರು 87 ಲಕ್ಷ ಚುಕ್ಕೆಗಳಾಗುತ್ತದೆ. ಬಣ್ಣದಲ್ಲಿ ಚುಕ್ಕೆಗೆ 3 ಬೈಟ್‌ನಂತೆ, ಸಂಕುಚನಕ್ಕೆ ಮೊದಲು ಸುಮಾರು 26 ಮೆಗಾಬೈಟ್. 600ಕ್ಕೆ ಏರಿಸಿದರೆ ಗಾತ್ರ ಎರಡರಷ್ಟಲ್ಲ, ನಾಲ್ಕರಷ್ಟು. ಶಿಕ್ಷಕರ ಕೆಂಪು ಶಾಯಿ ಕಾಣಬೇಕಾದರೆ ಬಣ್ಣ, ಇಲ್ಲವಾದರೆ ಬೂದು ಸಾಕು. ಸ್ಕ್ಯಾನ್ ಮಾಡುವಾಗ ಮಗುವಿನ ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿ. ವರದಿಗೆ ಬೇಕಿರುವುದು ತಪ್ಪಿನ ಸ್ವರೂಪ, ತಪ್ಪು ಮಾಡಿದವರ ಹೆಸರಲ್ಲ.

ಇದನ್ನು ಪಾಠವಾಗಿಸುವುದು

ಕಾಲೇಜಿನ ಗಣಕ ಕೊಠಡಿಯಲ್ಲಿ ಒಂದು ಅವಧಿಯ ಚಟುವಟಿಕೆಯಾಗಿ ಇದನ್ನು ನಡೆಸಬಹುದು. ಬೋಧಕರು ಮೊದಲೇ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಅಡಚಣೆ ಇಟ್ಟಿರಲಿ: ಒಂದರಲ್ಲಿ ತಂತಿ ಅರೆಬರೆ ಸೇರಿರಲಿ, ಒಂದರಲ್ಲಿ ಡಿವೈಸ್ ಮ್ಯಾನೇಜರ್ ಮೂಲಕ ಸ್ಕ್ಯಾನರ್ ನಿಷ್ಕ್ರಿಯವಾಗಿರಲಿ, ಇನ್ನೊಂದರಲ್ಲಿ ಪ್ರೋಗ್ರಾಂನ ಮೂಲ ಬೇರೆಯಾಗಿರಲಿ. ಸ್ಕ್ಯಾನರ್ ಒಂದೇ ಇದ್ದರೆ ತಂಡಗಳು ಸರದಿಯಲ್ಲಿ ಬರಲಿ. ಬೀಗ ಹಾಕಿದ ಯಂತ್ರವನ್ನು ಮಾತ್ರ ಇದಕ್ಕಾಗಿ ಚಲಾಯಿಸಬಾರದು. ಒಳಗಿನ ಭಾಗಗಳಿಗೆ ಪೆಟ್ಟಾಗಬಹುದು.

ಪ್ರತಿ ತಂಡವೂ ಮೂರು ಅಂಕಣಗಳ ಪಟ್ಟಿ ತುಂಬಲಿ: ಪರೀಕ್ಷಿಸಿದ ಕೊಂಡಿ, ಕಂಡದ್ದು, ತೀರ್ಮಾನ. ಪುಟ ಸ್ಕ್ಯಾನ್ ಆಯಿತೇ ಎಂಬುದಕ್ಕಿಂತ ಈ ಪಟ್ಟಿಗೆ ಹೆಚ್ಚು ಅಂಕವಿರಲಿ. ಕಾರಣ ತಿಳಿಯದೆ ಕಂಪ್ಯೂಟರನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸಿ ಸರಿಮಾಡಿದ ತಂಡ ನಾಳೆ ಶಾಲೆಯಲ್ಲಿ ಮತ್ತೆ ಸಿಕ್ಕಿಬೀಳುತ್ತದೆ. ಬೋಧಕರು ಉತ್ತರ ಹೇಳುವ ಬದಲು ‘ಇದರ ಹಿಂದಿನ ಕೊಂಡಿ ಸರಿಯಿದೆ ಎಂದು ಹೇಗೆ ತಿಳಿಯಿತು?’ ಎಂದು ಕೇಳಬೇಕು.

ದಶಮಾಂಶದ ಲೆಕ್ಕ ತಪ್ಪಿದ ಮಗುವಿನ ಮುಂದೆ ಕುಳಿತಾಗಲೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಮಗುವಿಗೆ ಲೆಕ್ಕ ಬರುವುದಿಲ್ಲ ಎಂದು ಚೀಟಿ ಅಂಟಿಸುವುದು ಸುಲಭ. ಸ್ಥಾನಬೆಲೆ ತಿಳಿದಿದೆಯೇ, ದಶಾಂಶ ಶತಾಂಶಗಳ ಕಲ್ಪನೆ ಇದೆಯೇ, ಹೋಲಿಸುವ ಕ್ರಮ ಗೊತ್ತೇ ಎಂದು ಒಂದೊಂದಾಗಿ ನೋಡಿದರೆ ಮಾತ್ರ ತಪ್ಪಿದ ಜಾಗ ಸಿಗುತ್ತದೆ. ಹಾಗೆ ನೋಡಲು ಮಗು ಬರೆದ ಪುಟ ನಮ್ಮ ಬಳಿ ಇರಬೇಕು. ಮುಂದಿನ ಬೋಧನಾಭ್ಯಾಸಕ್ಕೆ ಹೊರಡುವ ಮೊದಲು ಕಾಲೇಜಿನ ಬೀರುವಿನಲ್ಲಿರುವ ಸ್ಕ್ಯಾನರನ್ನು ಹೊರತೆಗೆದು, ಈ ನಾಲ್ಕು ಕೊಂಡಿಗಳನ್ನು ಒಮ್ಮೆ ಪರೀಕ್ಷಿಸಿ ನೋಡಿ.