ಆಟದ ನಿಯಮಕ್ಕೊಂದು ಭಾಷೆ

ಆಟವೆಂದರೆ ಹಿಗ್ಗು, ಕೆಲಸವೆಂದರೆ ದಣಿವು ಎಂಬುದು ಬಹುಜನರ ಭಾವನೆ. ಕಬಡ್ಡಿಯ ಅಂಗಳದಲ್ಲಿ ಉಸಿರು ಬಿಗಿಹಿಡಿದು ನುಗ್ಗುವ ಬಾಲಕನಿಗೆ ಯಾರೂ ಕೂಲಿ ಕೊಡುವುದಿಲ್ಲ. ಆದರೂ ಅವನು ದಣಿವನ್ನು ಲೆಕ್ಕಿಸುವುದಿಲ್ಲ. ಸ್ಪಷ್ಟವಾದ ಗುರಿ, ಎಲ್ಲರಿಗೂ ಒಂದೇ ನಿಯಮ, ಒಡನೆಯೇ ತಿಳಿಯುವ ಅಂಕ—ಇವು ಆಟದ ಆಕರ್ಷಣೆಗೆ ಮುಖ್ಯ ಕಾರಣಗಳು.

ಈ ಗುಣಗಳನ್ನು ಆಟವಲ್ಲದ ಕಾರ್ಯಗಳಿಗೆ ಅಳವಡಿಸುವ ವಿಧಾನಕ್ಕೆ ‘ಗೇಮಿಫಿಕೇಷನ್’ ಎಂದು ಹೆಸರು. 2008ರಲ್ಲಿ ಆರಂಭವಾದ ‘ಸ್ಟ್ಯಾಕ್ ಓವರ್‌ಫ್ಲೋ’ ಎಂಬ ಪ್ರಶ್ನೋತ್ತರ ತಾಣದಲ್ಲಿ ಓದುಗರು ಮೆಚ್ಚಿದ ಉತ್ತರಕ್ಕೆ ಅಂಕಗಳೂ ಪದಕಗಳೂ ದೊರೆಯುತ್ತವೆ. ಕಚೇರಿಗಳ ತಂತ್ರಾಂಶಗಳಲ್ಲಿಯೂ ಇಂತಹ ಏರ್ಪಾಡುಗಳು ಬಂದಿವೆ.

ಆದರೆ ಇಲ್ಲಿ ಒಂದು ತೊಡಕುಂಟು. ಕೆಲಸದ ಮರ್ಮವನ್ನು ಬಲ್ಲ ಅಧಿಕಾರಿಗೆ ಕಂಪ್ಯೂಟರ್ ಭಾಷೆ ಬಾರದು. ಆ ಭಾಷೆಯನ್ನು ಬಲ್ಲ ತಂತ್ರಜ್ಞನಿಗೆ ಕೆಲಸದ ಮರ್ಮ ತಿಳಿಯದು. ಜಾವಾದಂತಹ ಸಾಮಾನ್ಯ ಭಾಷೆಯಲ್ಲಿ ಬರೆದಾಗ ಅಂಕದ ನಿಯಮಗಳು ಸಾವಿರಾರು ಸಾಲುಗಳ ನಡುವೆ ಚದುರಿಹೋಗುತ್ತವೆ. ಒಂದು ಅಂಕವನ್ನು ಬದಲಿಸಲೂ ತಂತ್ರಜ್ಞನನ್ನೇ ಕಾಯಬೇಕಾಗುತ್ತದೆ.

ಇದಕ್ಕೆ ಪರಿಹಾರವೇ ಕ್ಷೇತ್ರವಿಶಿಷ್ಟ ಭಾಷೆ. ಒಂದೇ ಕ್ಷೇತ್ರದ ಮಾತನ್ನು ಚೆನ್ನಾಗಿ ಆಡಬಲ್ಲ ಕಿರುಭಾಷೆಯಿದು. ದತ್ತಾಂಶಗಳನ್ನು ವಿಚಾರಿಸಲೆಂದು ಅಮೆರಿಕದ ಐಬಿಎಂ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು 1974ರಲ್ಲಿ ಪ್ರಕಟಿಸಿದ ಭಾಷೆಯೇ ಮುಂದೆ ‘ಎಸ್‌ಕ್ಯುಎಲ್’ ಎಂದು ಪ್ರಸಿದ್ಧವಾಯಿತು. ಅದೇ ಬಗೆಯಲ್ಲಿ ಜರ್ಮನಿಯ ಫಿಲಿಪ್ ಹೆರ್ಜಿಗ್ ಮತ್ತು ಸಂಗಡಿಗರು 2013ರಲ್ಲಿ ‘ಗೇಮಿಫಿಕೇಷನ್ ಮಾಡೆಲಿಂಗ್ ಲ್ಯಾಂಗ್ವೇಜ್’ ಎಂಬ ಭಾಷೆಯನ್ನು ಮುಂದಿಟ್ಟರು.

ಇಂತಹ ಭಾಷೆಯನ್ನು ರಚಿಸುವವನು ಮೊದಲು ಕ್ಷೇತ್ರದ ಪದಗಳನ್ನು ಆರಿಸಿಕೊಳ್ಳುತ್ತಾನೆ: ಘಟನೆ, ನಿಬಂಧನೆ, ಅವಧಿ, ಬಹುಮಾನ. ಬಳಿಕ ಅವುಗಳನ್ನು ಜೋಡಿಸುವ ವ್ಯಾಕರಣವನ್ನು ಗೊತ್ತುಪಡಿಸುತ್ತಾನೆ. ‘ದೂರು ಮುಕ್ತಾಯವಾದಾಗ 10 ಅಂಕ ಕೊಡು’ ಎಂಬಂತಹ ವಾಕ್ಯವನ್ನು ಅನುವಾದಕ ತಂತ್ರಾಂಶವೊಂದು ಯಂತ್ರವು ನಡೆಸಬಲ್ಲ ಆದೇಶವಾಗಿ ಮಾರ್ಪಡಿಸುತ್ತದೆ. ಹೆಸರೇ ಇಲ್ಲದ ಪದಕವನ್ನು ಕೊಡೆಂದು ಬರೆದಿದ್ದರೆ ಆ ತಪ್ಪನ್ನು ಮೊದಲೇ ತೋರಿಸುತ್ತದೆ. ಪದಗಳು ಕೆಲವೇ ಆದುದರಿಂದಲೇ ಈ ಪರೀಕ್ಷೆ ಸುಲಭ. ಕಿರುಭಾಷೆಯ ಮಿತಿಯೇ ಅದರ ಶಕ್ತಿ.

ಆದರೂ ವ್ಯಾಕರಣ ಸರಿಯಿದ್ದ ಮಾತ್ರಕ್ಕೆ ನಿಯಮ ನ್ಯಾಯವಾದುದೆಂದು ಹೇಳಲಾಗದು. ಮೇಲಿನ ವಾಕ್ಯವನ್ನೇ ನೋಡಿರಿ. ಅಂಕದ ಆಸೆಗೆ ಗುಮಾಸ್ತನು ದೂರನ್ನು ಪರಿಹರಿಸದೆಯೇ ಮುಕ್ತಾಯಗೊಳಿಸಬಹುದು. ಅಂಕ ಏರುತ್ತದೆ, ದೂರಿತ್ತವನ ಕಷ್ಟ ಹಾಗೆಯೇ ಉಳಿಯುತ್ತದೆ. ಅಳತೆಯನ್ನೇ ಹತೋಟಿಯ ಸಾಧನವಾಗಿಸಿದರೆ ಅದು ನಂಬಿಕೆಗೆ ಅರ್ಹವಾಗಿ ಉಳಿಯದೆಂಬ ಆಶಯದ ಮಾತನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿಯೇ ಹೇಳಿದ್ದರು. ‘7 ದಿನಗಳೊಳಗೆ ಅದೇ ದೂರು ಮರಳಿದರೆ 10 ಅಂಕ ಹಿಂತೆಗೆ’ ಎಂಬ ಇನ್ನೊಂದು ವಾಕ್ಯ ಸೇರಿದಾಗ ನಿಯಮವು ಸ್ವಲ್ಪಮಟ್ಟಿಗೆ ತಿದ್ದಿಕೊಳ್ಳುತ್ತದೆ.

ಈ ದೋಷವನ್ನು ಮೊದಲು ಕಾಣಬಲ್ಲವನು ದಿನವೂ ಆ ಕೆಲಸವನ್ನು ಮಾಡುವ ಗುಮಾಸ್ತನೇ. ನಿಯಮವು ಅವನು ಓದಬಲ್ಲ ನುಡಿಯಲ್ಲಿದ್ದರೆ ಅವನು ಅದನ್ನು ಪ್ರಶ್ನಿಸಬಲ್ಲನು. ಯಂತ್ರದ ಒಡಲಲ್ಲಿ ಅಡಗಿದ್ದರೆ ಅದಕ್ಕೆ ಸುಮ್ಮನೆ ತಲೆಬಾಗಬೇಕಾಗುತ್ತದೆ. ಆಟಗಾರನಿಗೆ ನಿಯಮ ತಿಳಿಯದ ಆಟವು ಆಟವೇ ಅಲ್ಲ. ಮನುಷ್ಯನ ದುಡಿಮೆಯನ್ನು ಅಳೆಯುವ ನಿಯಮವು ಆ ಮನುಷ್ಯನಿಗೆ ಅರ್ಥವಾಗುವಂತಿರಬೇಕು. ಈ ಕಿರುಭಾಷೆಗಳ ನಿಜವಾದ ಹಿರಿಮೆ ಇರುವುದು ಇಲ್ಲಿಯೇ.